ಕಾರಂತರೂ ಯಕ್ಷಗಾನದ ಎಳೆಯರೂ

ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿ ಕೋಟ ಸಿಕ್ಕುತ್ತದೆ. 1902ರ ಅಕ್ಟೋಬರ್ 10ರಂದು ಶಿವರಾಮ ಕಾರಂತರು ಜನಿಸಿದುದು ಅಲ್ಲಿಯೇ. ಕಾದಂಬರಿಕಾರರಾದ ಕಾರಂತರನ್ನು ನಾವೆಲ್ಲರೂ ಬಲ್ಲೆವು. ಎಳೆಯರನ್ನು ರಂಗಕ್ಕೆ ಅಣಿಗೊಳಿಸಿದ ಕಾರಂತರನ್ನು ಬಲ್ಲವರು ಕಡಮೆ.

ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಅವರು ಕಾಲೇಜನ್ನು ತೊರೆದರು. ಮುಂದೆ ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, ಮಕ್ಕಳಿಂದ ಆಡಿಸಿ, ಹಾಡಿಸಿ, ಕುಣಿಸಿದರು. ಮಾಡಿಯೇ ಕಲಿಯಬೇಕೆಂಬುದು ಅವರ ನಂಬಿಕೆ.

ಯಕ್ಷಗಾನ ಮೇಳಗಳ ಪದ್ಧತಿಯೂ ಅದೇ ಆಗಿತ್ತು. ಹುಡುಗನು ಮೊದಲು ಪೂರ್ವರಂಗದ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು, ಸ್ತ್ರೀವೇಷ ಮಾಡಿ, ಬಳಿಕ ದೊಡ್ಡ ವೇಷಗಳಿಗೆ ಅರ್ಹನಾಗುತ್ತಿದ್ದನು. ಡೇರೆ ಮೇಳಗಳ ಟಿಕೇಟಿನ ಆಟ ಬಂದಮೇಲೆ ಪೂರ್ವರಂಗ ಮೊಟಕಾಯಿತು. ಎಳೆಯರ ಪಾಠಶಾಲೆಯೂ ಅದರೊಡನೆ ಮೊಟಕಾಯಿತು. ಹಾಡುಗಾರಿಕೆಯಲ್ಲಿ ಹಳೆಯ ರಾಗಗಳೂ ಮರೆಯಾಗತೊಡಗಿದುವು.

ಕಾರಂತರು ಹಳೆಯ ಭಾಗವತರನ್ನೂ ಪ್ರಸಂಗಗಳ ಪ್ರತಿಗಳನ್ನೂ ಅರಸಿ ಅಲೆದರು. ಅದರ ಫಲವಾಗಿ 1957ರಲ್ಲಿ 'ಯಕ್ಷಗಾನ ಬಯಲಾಟ' ಗ್ರಂಥ ಹೊರಬಂದಿತು. ಆದರೆ ರಾಗವು ಪುಸ್ತಕದಲ್ಲಿ ಬದುಕದು. ಅದಕ್ಕೆ ಎಳೆಯ ಕಂಠ ಬೇಕು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಪ್ರಾರಂಭವಾಯಿತು. ಕು.ಶಿ. ಹರಿದಾಸ ಭಟ್ಟರು ಅದಕ್ಕಾಗಿ ದುಡಿದರು. ಕಾರಂತರು ದಾರಿ ತೋರಿದರು. ಬ್ರಹ್ಮಾವರದ ಆಸುಪಾಸಿನವರಾದ ಮಟಪಾಡಿ ವೀರಭದ್ರ ನಾಯಕರು ಹೆಜ್ಜೆಯನ್ನೂ, ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯನ್ನೂ ಕಲಿಸಿದರು.

ಕಾರಂತರ 'ಯಕ್ಷರಂಗ'ದಲ್ಲಿ ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳ ಪ್ರಯೋಗವಾಯಿತು. ಭಾಗವತ, ಮದ್ದಲೆಗಾರ, ಚಂಡೆಯವ, ವೇಷಧಾರಿ ಎಲ್ಲರೂ ಒಟ್ಟಿಗೆ ಕುಳಿತು, ಯಾವ ಭಾವಕ್ಕೆ ಯಾವ ರಾಗ, ಯಾವ ಹೆಜ್ಜೆ ಎಂದು ಪರೀಕ್ಷಿಸಬೇಕಾಯಿತು. ಹೀಗೆ ಪ್ರಯೋಗವನ್ನು ಸಿದ್ಧಗೊಳಿಸುವುದೇ ವಿದ್ಯಾಭ್ಯಾಸವಾಯಿತು. ತಂಡವು ಹೊರದೇಶಗಳಿಗೂ ಹೋಗಿಬಂದಿತು.

ಆಕ್ಷೇಪಗಳಿಗೇನೂ ಕೊರತೆಯಿರಲಿಲ್ಲ. ಕಾರಂತರು ಮಾತುಗಾರಿಕೆಯನ್ನು ಕೈಬಿಟ್ಟರು. ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿದರು. ಹಳೆಯ ರಾಗಗಳಿಗಾಗಿ ಮರುಗಿದವರು ಹೊಸ ವಾದ್ಯಗಳನ್ನು ತಂದುದೇಕೆ? ಈ ಪ್ರಶ್ನೆ ನ್ಯಾಯವಾದುದೇ. ಅರ್ಥಗಾರಿಕೆಯಿಲ್ಲದ ಆಟ ನನಗೂ ಅರೆಯೆನಿಸುತ್ತದೆ. ಆದರೂ ಎಳೆಯರು ರಂಗದ ಮೇಲೆ ದುಡಿಯುತ್ತಲೇ ಕಲಿಯಬೇಕೆಂಬ ಅವರ ಮಾರ್ಗದಲ್ಲಿ ದೋಷ ಕಾಣಲಾರೆ.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ಮಾರಣಕಟ್ಟೆ, ಮಂದಾರ್ತಿ ಮೇಳಗಳು ಇಂದಿಗೂ ತಿರುಗಾಟಕ್ಕೆ ಹೊರಡುತ್ತವೆ. ಅಕ್ಷರ ಕಲಿಯದ ನನ್ನ ಅಜ್ಜಯ್ಯ ಬಯಲಾಟ ನೋಡಿಯೇ ಭಾರತದ ಕಥೆಯನ್ನೆಲ್ಲ ಅರಿತಿದ್ದರು. ಪದ ಕೇಳಿದೊಡನೆ ಪ್ರಸಂಗ ಯಾವುದೆಂದು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನನಗೆ ಒಂದು ರಾಗದ ಗುರುತೂ ಸಿಗದು. ಪದವಿಯೊಂದು ಕೈಸೇರುವ ಈ ಹೊತ್ತಿನಲ್ಲಿ, ಪದವಿಯನ್ನೇ ತೊರೆದ ಕಾರಂತರನ್ನು ನೆನೆದಾಗ, ಕಲಿಯಬೇಕಾದುದು ಇನ್ನೂ ಎಷ್ಟೋ ಉಳಿದಿದೆ ಎನಿಸುತ್ತದೆ.