ಸಂಯಮ ಕಲಿತ ಸಂತ ಅಗಸ್ಟೀನರು



ಪ್ರತಿ ವರ್ಷ ಆಗಸ್ಟ್ 27ರಂದು ಸಂತ ಮೋನಿಕಮ್ಮನವರ ಹಬ್ಬವನ್ನೂ ಮರುದಿನ ಅವರ ಮಗ ಸಂತ ಅಗಸ್ಟೀನರ ಹಬ್ಬವನ್ನೂ ಆಚರಿಸುತ್ತೇವೆ. ದಾರಿ ತಪ್ಪಿದ ಮಗನಿಗಾಗಿ ಕಣ್ಣೀರಿಟ್ಟ ತಾಯಿಯ ಕಥೆಯನ್ನು ನೀವು ದೇವಾಲಯದಲ್ಲಿ ಹಲವು ಬಾರಿ ಕೇಳಿದ್ದೀರಿ. ಆದರೆ ಆ ಕಣ್ಣೀರಿಗೆ ಕಾರಣವೇನೆಂಬ ಮಾತು ಬಂದಾಗ ನಾವು ಮೆಲ್ಲಗೆ ದಾಟಿ ಹೋಗುತ್ತೇವೆ. ಕಾಮದ ವಿಷಯವನ್ನು ಮನೆಯಲ್ಲಿ ಮಾತಾಡಲು ನಾಚಿಕೆ, ದೇವಾಲಯದಲ್ಲಿ ಮಾತಾಡಲು ಸಂಕೋಚ. ಹೀಗಾಗಿ ನಮ್ಮ ಮಕ್ಕಳು ಅದನ್ನು ಗೆಳೆಯರಿಂದಲೂ ಸಿನಿಮಾದಿಂದಲೂ ಕೈಯಲ್ಲಿರುವ ಮೊಬೈಲಿನಿಂದಲೂ ಕಲಿಯುತ್ತಾರೆ. ಹದಿನಾರು ಶತಮಾನಗಳ ಹಿಂದೆಯೇ ಈ ವಿಷಯವನ್ನು ದೇವರ ಮುಂದೆ ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟವರು ಅಗಸ್ಟೀನರು. ಅವರ ಬದುಕನ್ನು ಈ ವಾರ ನಿಧಾನವಾಗಿ ನೋಡೋಣ.

ಅಗಸ್ಟೀನರು ಹುಟ್ಟಿದ್ದು 354ನೇ ಇಸವಿಯ ನವೆಂಬರ್ 13ರಂದು, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಆ ಊರು ಇಂದಿನ ಅಲ್ಜೀರಿಯ ದೇಶದಲ್ಲಿದೆ. ತಂದೆ ಪತ್ರೀಸಿಯುಸ್ ಆಗಿನ್ನೂ ಕ್ರೈಸ್ತನಾಗಿರಲಿಲ್ಲ. ಮುಂಗೋಪಿ, ಹೆಂಡತಿಗೆ ನಿಷ್ಠನಾಗಿರದ ಮನುಷ್ಯ. ಮಗನಿಗೆ ಹದಿನಾರು ತುಂಬಿದಾಗ ಓದಿಸಲು ಹಣ ಸಾಲದೆ ಒಂದು ವರ್ಷ ಮನೆಯಲ್ಲೇ ಉಳಿಸಿಕೊಂಡರು. ಮಗ ಪ್ರಾಯಕ್ಕೆ ಬಂದದ್ದನ್ನು ಕಂಡ ತಂದೆ ಇನ್ನು ಮೊಮ್ಮಕ್ಕಳನ್ನು ಕಾಣುವೆನೆಂದು ಹಿಗ್ಗಿದ. ತಾಯಿ ಮಾತ್ರ ಗುಟ್ಟಾಗಿ ಕರೆದು, ಹೆಣ್ಣಿನ ಸಹವಾಸ ಬೇಡ, ಅದರಲ್ಲೂ ಮತ್ತೊಬ್ಬನ ಹೆಂಡತಿಯ ಗೊಡವೆ ಬೇಡವೆಂದು ಬುದ್ಧಿ ಹೇಳಿದರು. ಹುಡುಗನಿಗೆ ಅದು ಹೆಂಗಸರ ಮಾತೆನಿಸಿತು. ಗೆಳೆಯರು ತಮ್ಮ ದುಷ್ಕೃತ್ಯಗಳನ್ನು ಕೊಚ್ಚಿಕೊಳ್ಳುವಾಗ, ತಾನು ಸಣ್ಣವನಾಗಬಾರದೆಂದು ಮಾಡದಿದ್ದುದನ್ನೂ ಮಾಡಿದೆನೆಂದು ಹೇಳಿಕೊಳ್ಳುತ್ತಿದ್ದ. ತಂದೆಯ ಹೆಮ್ಮೆ, ತಾಯಿಯ ಒಂಟಿ ದನಿ, ಗೆಳೆಯರ ಗೇಲಿ: ಈ ಮೂರೂ ನಮ್ಮ ಓಣಿಗಳಲ್ಲಿ ಇಲ್ಲವೆಂದು ಯಾರಾದರೂ ಹೇಳಬಲ್ಲಿರಾ?

ಹದಿನೇಳರ ವಯಸ್ಸಿನಲ್ಲಿ ಓದಲು ಕಾರ್ಥೇಜ್ ನಗರಕ್ಕೆ ಹೋದ ಅಗಸ್ಟೀನರು ಅಲ್ಲಿ ಒಬ್ಬ ಹೆಣ್ಣುಮಗಳೊಡನೆ ವಾಸಿಸತೊಡಗಿದರು. ಮದುವೆಯಾಗಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆಕೆಯನ್ನು ಇಟ್ಟುಕೊಂಡರು. ಅಂದಿನ ರೋಮನ್ ಸಮಾಜದಲ್ಲಿ ಇದು ದೊಡ್ಡ ತಪ್ಪಾಗಿರಲಿಲ್ಲ. ಮೇಲೇರಬೇಕೆಂಬ ಯುವಕ ಅನುಕೂಲಸ್ಥರ ಮನೆಯ ಹೆಣ್ಣು ಸಿಗುವವರೆಗೆ ಹೀಗೆ ಬಾಳುವುದು ವಾಡಿಕೆಯೇ ಆಗಿತ್ತು. ಅವರಿಗೊಬ್ಬ ಮಗ ಹುಟ್ಟಿದ. ಅವನ ಹೆಸರು ಅದೆಯೋದಾತುಸ್, ಎಂದರೆ ದೇವದತ್ತ. ಬಯಸಿ ಪಡೆದ ಮಗುವಲ್ಲ, ಆದರೆ ಹುಟ್ಟಿದ ಮೇಲೆ ತಂದೆಯ ಮನಸ್ಸನ್ನು ಗೆದ್ದ ಮಗು. ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಅವರು ಒಟ್ಟಿಗಿದ್ದರು. ಆ ಅವಧಿಯಲ್ಲಿ ಅಗಸ್ಟೀನರು ಆಕೆಗೆ ನಿಷ್ಠರಾಗಿಯೇ ಇದ್ದರು.

ಅದೇ ಕಾಲದಲ್ಲಿ ಅವರು ಮಾನಿಕೇಯರ ಪಂಥವನ್ನು ಸೇರಿದರು. ದೇಹ ಕತ್ತಲೆಯ ಸೃಷ್ಟಿ, ಪಾಪ ಮಾಡುವುದು ನಾನಲ್ಲ, ನನ್ನೊಳಗಿನ ಬೇರೊಂದು ಶಕ್ತಿ ಎಂಬುದು ಅವರ ಬೋಧನೆ. ಒಂದೆಡೆ ದೇಹವನ್ನು ಹಳಿಯುವುದು, ಇನ್ನೊಂದೆಡೆ ಅದರ ಆಸೆಗೆ ತಾನು ಹೊಣೆಯಲ್ಲವೆಂದು ನುಣುಚಿಕೊಳ್ಳುವುದು. ಒಂಬತ್ತು ವರ್ಷ ಅಲ್ಲಿದ್ದರೂ ಸಂಯಮ ಬರಲಿಲ್ಲ. ಇದನ್ನು ನೆನಪಿಡಿ: ದೇಹವನ್ನು ದ್ವೇಷಿಸಿದರೆ ಪರಿಶುದ್ಧತೆ ಬರುವುದಿಲ್ಲ. ದೇಹ ದೇವರ ಸೃಷ್ಟಿ. ದೇವರ ಪುತ್ರನೇ ಅದನ್ನು ಧರಿಸಿ ಬಂದನು.

384ರಲ್ಲಿ ಅವರು ಇಟಲಿಯ ಮಿಲಾನ್ ನಗರದಲ್ಲಿ ವಾಕ್ಚಾತುರ್ಯ ಕಲಿಸುವ ಪ್ರಾಧ್ಯಾಪಕರಾದರು. ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳು ಅವರ ಬುದ್ಧಿಯ ಗಂಟುಗಳನ್ನು ಬಿಡಿಸಿದವು. ಮರುವರ್ಷ ತಾಯಿಯೂ ಅಲ್ಲಿಗೆ ಬಂದು ಒಳ್ಳೆಯ ಸಂಬಂಧವೊಂದನ್ನು ಗೊತ್ತುಮಾಡಿದರು. ಹುಡುಗಿ ಮದುವೆಯ ವಯಸ್ಸಿಗೆ ಎರಡು ವರ್ಷ ಕಡಿಮೆ, ಇನ್ನೂ ಹತ್ತರ ಮಗು. ಕಾಯುವುದೆಂದಾಯಿತು. ಇಷ್ಟು ವರ್ಷ ಜೊತೆಗಿದ್ದವಳು ಈಗ ಅಡ್ಡಿಯಾದಳು. ಆಕೆಯನ್ನು ಆಫ್ರಿಕಾಕ್ಕೆ ಕಳಿಸಿಬಿಟ್ಟರು. ಮಗ ತಂದೆಯ ಬಳಿಯೇ ಉಳಿದ. ಇನ್ನು ಮುಂದೆ ಬೇರೆ ಗಂಡಸನ್ನು ಕೂಡುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು ಆಕೆ ಹೊರಟುಹೋದಳು. ಅಗಸ್ಟೀನರ ಎದೆ ಹರಿದು ರಕ್ತ ಸುರಿದಂತಾಯಿತು. ಆದರೂ ಎರಡು ವರ್ಷ ಕಾಯಲಾರದೆ ಅವರು ಮತ್ತೊಬ್ಬಳನ್ನು ಇಟ್ಟುಕೊಂಡರು. ಇದೆಲ್ಲವನ್ನೂ ಬರೆದವರು ಅವರೇ. ಆಕೆಯ ಹೆಸರನ್ನು ಮಾತ್ರ ಅವರು ಎಲ್ಲಿಯೂ ಬರೆಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಅತ್ತ ದೊಡ್ಡ ವಿದ್ವಾಂಸ, ಇತ್ತ ಹೆಸರೂ ಉಳಿಯದ ಒಬ್ಬ ಹೆಣ್ಣುಮಗಳು. ಸಂಯಮವನ್ನು ಮೊದಲು ಕಲಿತವರು ಯಾರು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ನಮಗೆ ಈ ಕಥೆ ಹೊಸದಲ್ಲ. ದೇವರ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ನಮ್ಮ ಸೀಮೆ ಕಂಡಿದೆ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲೂ, ಕರ್ನಾಟಕದಲ್ಲಿ 1982ರಲ್ಲೂ ಇದನ್ನು ತಡೆಯುವ ಕಾನೂನು ಬಂತು. ಕಾನೂನು ಬಂದ ಮೇಲೂ ಗುಟ್ಟಾಗಿ ನಡೆದದ್ದುಂಟು. ಅಂಥ ಹೆಣ್ಣುಮಗಳ ಬಳಿ ಬಂದುಹೋಗುವ ಗಂಡಸಿಗೆ ಊರಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ. ಅವನು ಬೇರೆ ಮದುವೆಯಾಗುತ್ತಾನೆ, ಮಕ್ಕಳಿಗೆ ತಂದೆಯ ಹೆಸರು ಸಿಗುವುದಿಲ್ಲ. ಇನ್ನೊಂದು ಧರ್ಮವನ್ನು ಹಳಿಯಲು ನಾನು ಇದನ್ನು ಹೇಳುತ್ತಿಲ್ಲ. ಅಗಸ್ಟೀನರ ಜೊತೆಗಾರ್ತಿಯನ್ನು ಹೊರಗೆ ಕಳಿಸಿದ್ದು ಕ್ರೈಸ್ತ ತಾಯಿಯಿದ್ದ ಮನೆಯೇ. ಮನುಷ್ಯಳನ್ನು ಬಳಸಿ ಬಿಡುವ ಪಾಪ ಎಲ್ಲರ ಮನೆಯ ಬಾಗಿಲಲ್ಲೂ ಕಾದು ಕೂತಿರುತ್ತದೆ.

386ರ ಬೇಸಿಗೆ. ಅಗಸ್ಟೀನರ ಬುದ್ಧಿ ಒಪ್ಪಿತ್ತು, ಮನಸ್ಸು ಒಪ್ಪಿರಲಿಲ್ಲ. ಹಿಂದೆ ಯೌವನದಲ್ಲಿ ಅವರು ಪರಿಶುದ್ಧತೆಗಾಗಿ ಪ್ರಾರ್ಥಿಸಿದ್ದುಂಟು, ಆದರೆ ದೇವರು ಕೂಡಲೇ ಕೊಟ್ಟುಬಿಟ್ಟಾರೆಂದು ಒಳಗೊಳಗೇ ಹೆದರಿದ್ದರು. ಈಗ ಮನೆಯ ತೋಟದಲ್ಲಿ ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ, ತೆಗೆದು ಓದು ಎಂದು ಮಗುವೊಂದು ಹಾಡುವಂತೆ ನೆರೆಮನೆಯಿಂದ ದನಿ ಕೇಳಿಸಿತು. ಸಂತ ಪೌಲರ ಪತ್ರಗಳ ಪುಸ್ತಕವನ್ನು ತೆರೆದರು. ಕಣ್ಣಿಗೆ ಬಿದ್ದದ್ದು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ: ಕುಡಿತ, ಕಾಮುಕತೆಗಳನ್ನು ಬಿಟ್ಟು ಕ್ರಿಸ್ತರನ್ನು ಧರಿಸಿಕೊಳ್ಳಬೇಕೆಂಬ ಕರೆ. ಸಂಶಯದ ಕತ್ತಲೆ ಕರಗಿತು. ವರ್ಷಗಟ್ಟಲೆ ತಮ್ಮ ಬಲದಿಂದ ಆಗದಿದ್ದುದು ದೇವರ ಕೃಪೆಯಿಂದ ಆಯಿತು. 387ರ ಪಾಸ್ಖ ಜಾಗರಣೆಯ ರಾತ್ರಿ ಅಂಬ್ರೋಸರ ಕೈಯಿಂದ ತಂದೆ ಮಗ ಇಬ್ಬರೂ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಮೋನಿಕಮ್ಮನವರು ಓಸ್ತಿಯಾ ಬಂದರಿನಲ್ಲಿ ತೀರಿಕೊಂಡರು. ಊರಿಗೆ ಮರಳಿದ ಸ್ವಲ್ಪ ಕಾಲದಲ್ಲೇ ದೇವದತ್ತನೂ ಹದಿಹರೆಯದಲ್ಲಿ ತೀರಿಹೋದ.

391ರಲ್ಲಿ ಹಿಪ್ಪೋ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾದರು. ಆಗ ಬರೆದ ಆತ್ಮಕಥೆಯಲ್ಲಿ ಅವರು ಹಳೆಯ ಚಿತ್ರಗಳು ಕನಸಿನಲ್ಲಿ ಇನ್ನೂ ಕಾಡುತ್ತವೆಂದು ಒಪ್ಪಿಕೊಂಡಿದ್ದಾರೆ. ಸಂಯಮ ಒಂದು ದಿನದ ಗೆಲುವಲ್ಲ, ದಿನದಿನವೂ ಬೇಡಿ ಪಡೆಯುವ ವರ. ಯುವಕರೇ, ಬಿದ್ದೆನೆಂದು ದೂರ ಓಡಬೇಡಿ. ಪಾಪನಿವೇದನೆಗೆ ಬನ್ನಿ, ಮತ್ತೆ ಬನ್ನಿ.

401ರ ಸುಮಾರಿಗೆ ಅವರು ಮದುವೆಯ ಒಳಿತಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಮಕ್ಕಳು, ಪರಸ್ಪರ ನಿಷ್ಠೆ, ಬಿಡಿಸಲಾಗದ ಪವಿತ್ರ ಬಂಧ: ಇವು ಮದುವೆಯ ಮೂರು ಒಳಿತುಗಳೆಂದರು. ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕುವುದನ್ನು ನೀವು ನೋಡಿದ್ದೀರಿ. ಕೊಂಡಿಯಿಲ್ಲದೆ ಎರಡೂ ಒಂದೇ ಸೀರೆಯಾಗುವುದಿಲ್ಲ. ನಿಷ್ಠೆಯ ಕೆಲಸವೂ ಅಂಥದ್ದೇ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ತನಗೆ ತಕ್ಕವಳು ಸಿಗುವವರೆಗೆಂದು ಒಬ್ಬಳನ್ನು ಇಟ್ಟುಕೊಂಡವನು ಮನಸ್ಸಿನಲ್ಲಿ ವ್ಯಭಿಚಾರಿ. ಆದರೆ ಅವನಿಗೆ ನಿಷ್ಠೆಯಿಂದಿದ್ದು, ಅವನು ಬಿಟ್ಟ ಮೇಲೂ ಸಂಯಮದಿಂದ ಬಾಳಿದವಳನ್ನು ಹಾಗೆ ಕರೆಯಲು ತಾವು ಮುಂದಾಗುವುದಿಲ್ಲ ಎನ್ನುತ್ತಾರೆ. ಅವರು ಯಾರನ್ನು ನೆನೆದು ಬರೆದರೆಂದು ಬಿಡಿಸಿ ಹೇಳಬೇಕಾಗಿಲ್ಲ.

410ರಲ್ಲಿ ರೋಮ್ ನಗರ ಲೂಟಿಯಾದಾಗ ಅನೇಕ ಸ್ತ್ರೀಯರು ಬಲಾತ್ಕಾರಕ್ಕೆ ಒಳಗಾದರು. ಶೀಲವಿರುವುದು ಮನಸ್ಸಿನಲ್ಲಿ, ಮತ್ತೊಬ್ಬರ ಬಲಾತ್ಕಾರದಿಂದ ಅದು ಹೋಗುವುದಿಲ್ಲವೆಂದು ಅಗಸ್ಟೀನರು ಅವರ ಪರವಾಗಿ ಬರೆದರು. ಕಾಮದ ಬಗ್ಗೆ ಅವರ ಕೆಲವು ಮಾತುಗಳು ಕಠಿಣವಾಗಿರುವುದು ನಿಜ. ಧರ್ಮಸಭೆ ಅಲ್ಲಿಗೇ ನಿಲ್ಲಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ದಂಪತಿಗಳ ಪ್ರೀತಿಯನ್ನು ಗೌರವಿಸಿತು. 1979ರಿಂದ 1984ರವರೆಗೆ ಪೋಪ್ ಎರಡನೇ ಜಾನ್ ಪೌಲರು ದೇಹವು ಒಬ್ಬರು ಇನ್ನೊಬ್ಬರಿಗೆ ತಮ್ಮನ್ನು ಕೊಟ್ಟುಕೊಳ್ಳುವ ಕಾಣಿಕೆಯೆಂದು ಬೋಧಿಸಿದರು. ಕೊಡುವುದಾದರೆ ಪೂರ್ತಿಯಾಗಿ, ಎಲ್ಲರೆದುರು, ಜೀವನಪರ್ಯಂತ. ಹಾಗೆ ಕೊಡುವ ಶಕ್ತಿಯೇ ಸಂಯಮ.

ಗುಳೆ ಹೋಗಿ ದೂರದಲ್ಲಿ ದುಡಿಯುವ ಗಂಡಂದಿರೇ, ಊರಲ್ಲಿ ಕಾಯುವವಳನ್ನು ನೆನೆಯಿರಿ. ದಿನವೂ ಆಕೆಯೊಡನೆ ಮಾತಾಡಿ. ತಂದೆತಾಯಿಗಳೇ, ಮಕ್ಕಳು ಬೀದಿಯಲ್ಲಿ ಕೇಳುವ ಮೊದಲು ನೀವೇ ಹೇಳಿ. ಇದು ತಾಯಿಯೊಬ್ಬಳ ಹೊರೆಯಾಗದಿರಲಿ, ತಂದೆಯೂ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಲಿ. ಬಿಟ್ಟುಹೋದವನ ಪಾಪವನ್ನು ಬಿಡಲ್ಪಟ್ಟವಳ ತಲೆಗೆ ಕಟ್ಟಬೇಡಿ. ಅಂಥ ತಾಯಿ ತನ್ನ ಮಕ್ಕಳೊಡನೆ ದೇವಾಲಯಕ್ಕೆ ಬಂದರೆ ಹತ್ತಿರ ಕರೆದು ಕೂರಿಸಿಕೊಳ್ಳಿ, ಹೆಸರು ಹಿಡಿದು ಮಾತಾಡಿಸಿ.

430ರ ಆಗಸ್ಟ್ 28ರಂದು ಅಗಸ್ಟೀನರು ತೀರಿಕೊಂಡರು. ವೈರಿಗಳು ಹಿಪ್ಪೋ ನಗರಕ್ಕೆ ಮುತ್ತಿಗೆ ಹಾಕಿದ್ದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡು, ಕೊನೆಯ ದಿನಗಳಲ್ಲಿ ಅವನ್ನೇ ಓದುತ್ತ ಅಳುತ್ತಿದ್ದರು. ಎಪ್ಪತ್ತೈದು ವರ್ಷದ ಆ ಧರ್ಮಾಧ್ಯಕ್ಷರು ತಮ್ಮನ್ನು ಕ್ಷಮೆ ಪಡೆದ ಪಾಪಿಯೆಂದೇ ಎಣಿಸಿದ್ದರು. ನಮ್ಮ ಕುಟುಂಬಗಳಿಗೂ ಆ ವಿನಯವನ್ನು, ಅದರಿಂದ ಬರುವ ಪರಿಶುದ್ಧ ಪ್ರೀತಿಯನ್ನು ಪ್ರಭು ದಯಪಾಲಿಸಲಿ.