ಪಾಲ್ ಹ್ಯಾರಿಸ್

ಪಾಲ್ ಪರ್ಸಿ ಹ್ಯಾರಿಸ್ (ಏಪ್ರಿಲ್ 19, 1868 – ಜನವರಿ 27, 1947) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲರು ಮತ್ತು ರೋಟರಿ ಸಂಸ್ಥೆಯ ಸ್ಥಾಪಕರು. ಷಿಕಾಗೋ ನಗರದಲ್ಲಿ 1905ರಲ್ಲಿ ಮೂವರು ಪರಿಚಿತರೊಡನೆ ಇವರು ಆರಂಭಿಸಿದ ಸಣ್ಣ ಸ್ನೇಹಕೂಟವು ಇವರ ಜೀವಿತಕಾಲದಲ್ಲಿಯೇ ಹಲವು ಖಂಡಗಳಿಗೆ ಹರಡಿತು. ವಾರಕ್ಕೊಮ್ಮೆ ಸಭೆ ಸೇರುವುದು, ಸಭೆಯಲ್ಲಿ ಒಬ್ಬರಿಂದ ಉಪನ್ಯಾಸ ಕೇಳುವುದು, ಊರಿನ ಅಗತ್ಯಗಳಿಗೆ ಸದಸ್ಯರು ಕೂಡಿ ಹಣ ಮತ್ತು ಶ್ರಮ ನೀಡುವುದು ಎಂಬ ಸೇವಾ ಕ್ಲಬ್ಬುಗಳ ಕಾರ್ಯಪದ್ಧತಿ ಬೆಳೆದುಬಂದದ್ದು ಈ ಕೂಟದಿಂದ. ವ್ಯಾಪಾರಸ್ಥರು ಪರಸ್ಪರ ಲಾಭಕ್ಕಾಗಿ ಸೇರುತ್ತಿದ್ದ ಗುಂಪನ್ನು ಸೇವೆಯ ಕಡೆಗೆ ತಿರುಗಿಸಲು ಹ್ಯಾರಿಸರು ಸ್ವಂತ ಗೆಳೆಯರ ವಿರೋಧವನ್ನೇ ಎದುರಿಸಬೇಕಾಯಿತು.

ಜನನ ಮತ್ತು ಬಾಲ್ಯ

ಹ್ಯಾರಿಸರು ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾರ್ಜ್ ಹ್ಯಾರಿಸ್, ತಾಯಿ ಕಾರ್ನೆಲಿಯಾ. ತಂದೆಯ ಅಂಗಡಿ ನಷ್ಟದಿಂದ ಮುಚ್ಚಿಹೋದಾಗ ಸಂಸಾರ ನಿರ್ವಹಣೆ ಕಷ್ಟವಾಯಿತು. 1871ರಲ್ಲಿ, ಪಾಲ್ ಮೂರು ವರ್ಷದ ಬಾಲಕನಾಗಿದ್ದಾಗ, ತಂದೆಯು ಅವನನ್ನೂ ಅಣ್ಣ ಸೆಸಿಲ್‌ನನ್ನೂ ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಹಳ್ಳಿಗೆ ಕರೆತಂದು ತಮ್ಮ ತಂದೆತಾಯಿಯ ಮನೆಯಲ್ಲಿ ಬಿಟ್ಟರು. ಪಾಲ್ ಬೆಳೆದದ್ದು ಅಜ್ಜ ಹೊವಾರ್ಡ್ ಮತ್ತು ಅಜ್ಜಿ ಪಮೇಲಾ ಅವರ ಆಶ್ರಯದಲ್ಲಿ.

ಮಿತವ್ಯಯ, ದುಡಿಮೆ, ಪರಮತ ಸಹಿಷ್ಣುತೆ ಆ ಮನೆಯ ನಡವಳಿಕೆಗಳಾಗಿದ್ದವು. ಬೆಟ್ಟಗಳ ನಡುವಿನ ಆ ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲವರು. ಕಷ್ಟ ಬಂದಾಗ ನೆರೆಯವರು ತಾವಾಗಿಯೇ ಬಂದು ನಿಲ್ಲುತ್ತಿದ್ದರು. ಮುಂದೆ ತಮ್ಮ ಬರಹಗಳಲ್ಲಿ ಹ್ಯಾರಿಸರು ರೋಟರಿಯ ಬೇರುಗಳನ್ನು ಈ ಹಳ್ಳಿಯ ಜೀವನದಲ್ಲಿಯೇ ಗುರುತಿಸಿದ್ದಾರೆ.

ವಿದ್ಯಾಭ್ಯಾಸ

ಬಾಲ್ಯದಲ್ಲಿ ಹ್ಯಾರಿಸರು ತುಂಟತನಕ್ಕೆ ಹೆಸರಾಗಿದ್ದರು. ವರ್ಮಾಂಟ್ ವಿಶ್ವವಿದ್ಯಾಲಯವನ್ನು ಸೇರಿದರಾದರೂ, 1886ರಲ್ಲಿ ವಿದ್ಯಾರ್ಥಿಗಳ ಗುಂಪೊಂದು ನಡೆಸಿದ ಪುಂಡಾಟದ ಸಂಬಂಧವಾಗಿ ಅಲ್ಲಿಂದ ಹೊರಹಾಕಲ್ಪಟ್ಟರು. (ಹಲವು ದಶಕಗಳ ನಂತರ ಅದೇ ವಿಶ್ವವಿದ್ಯಾಲಯವು ಅವರಿಗೆ ಗೌರವ ಪದವಿಯನ್ನಿತ್ತು ಸನ್ಮಾನಿಸಿತು.) ಬಳಿಕ ಪ್ರಿನ್ಸ್‌ಟನ್‌ನಲ್ಲಿ ಓದು ಮುಂದುವರಿಸಿದರು. 1888ರಲ್ಲಿ ಅಜ್ಜ ತೀರಿಕೊಂಡದ್ದರಿಂದ ಅದೂ ನಿಂತಿತು. ಕೆಲಕಾಲ ಅಮೃತಶಿಲೆಯ ಕಂಪನಿಯೊಂದರಲ್ಲಿ ದುಡಿದು, ಅನಂತರ ಅಯೋವಾ ರಾಜ್ಯದ ಡಿಮಾಯಿನ್ ನಗರದ ವಕೀಲರ ಕಚೇರಿಯಲ್ಲಿ ಕೆಲಸ ಕಲಿತರು. 1891ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು.

ಅಲೆದಾಟದ ಐದು ವರ್ಷಗಳು

ಪದವಿ ಪಡೆದ ಕೂಡಲೇ ಹ್ಯಾರಿಸರು ವಕೀಲಿ ವೃತ್ತಿಯನ್ನು ಹಿಡಿಯಲಿಲ್ಲ. ಐದು ವರ್ಷ ಲೋಕವನ್ನು ನೋಡಿ, ನಂತರ ಒಂದು ಊರಿನಲ್ಲಿ ನೆಲೆಸುವುದೆಂದು ನಿಶ್ಚಯಿಸಿದರು. ಈ ಅವಧಿಯಲ್ಲಿ ಅವರು ಪತ್ರಿಕಾ ವರದಿಗಾರರಾಗಿ, ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಕಾರ್ಖಾನೆಯ ಕೂಲಿಯಾಗಿ, ಲಾಸ್ ಏಂಜಲಿಸ್‌ನ ವಾಣಿಜ್ಯ ಕಾಲೇಜಿನ ಬೋಧಕರಾಗಿ, ಡೆನ್ವರ್ ನಗರದಲ್ಲಿ ನಾಟಕ ಕಂಪನಿಯ ನಟರಾಗಿ, ದನಗಾಹಿಯಾಗಿ, ಫ್ಲಾರಿಡಾದ ಹೋಟೆಲಿನಲ್ಲಿ ಗುಮಾಸ್ತರಾಗಿ ಹಾಗೂ ಅಮೃತಶಿಲೆಯ ಮಾರಾಟಗಾರರಾಗಿ ಕೆಲಸ ಮಾಡಿದರು. ದನಗಳನ್ನು ಸಾಗಿಸುವ ಹಡಗಿನಲ್ಲಿ ದುಡಿಯುತ್ತ ಇಂಗ್ಲೆಂಡಿಗೂ ಹೋಗಿಬಂದರು.

ನಾನಾ ಕಸುಬಿನ ಜನರೊಡನೆ ಸಮಾನರಾಗಿ ಬೆರೆತ ಈ ಅನುಭವವು, ಬೇರೆ ಬೇರೆ ವೃತ್ತಿಯವರನ್ನು ಒಂದೇ ಕೂಟದಲ್ಲಿ ಕೂರಿಸುವ ಅವರ ಮುಂದಿನ ಯೋಚನೆಗೆ ಸಹಾಯಕವಾಯಿತು.

ಷಿಕಾಗೋದಲ್ಲಿ ವಕೀಲಿ ವೃತ್ತಿ

1896ರಲ್ಲಿ ಹ್ಯಾರಿಸರು ಷಿಕಾಗೋದಲ್ಲಿ ಕಚೇರಿ ತೆರೆದರು. ಅದು ವೇಗವಾಗಿ ಬೆಳೆಯುತ್ತಿದ್ದ ನಗರ. ವ್ಯಾಪಾರದಲ್ಲಿ ಪೈಪೋಟಿ ತೀವ್ರವಾಗಿತ್ತು. ಮೋಸ, ವಂಚನೆಗಳೂ ಸಾಮಾನ್ಯವಾಗಿದ್ದವು. ಕಕ್ಷಿಗಾರರು ದೊರೆತರೂ ಸ್ನೇಹಿತರು ದೊರೆಯಲಿಲ್ಲ. ವಾರದ ದಿನಗಳು ಕೆಲಸದಲ್ಲಿ ಕಳೆದುಹೋಗುತ್ತಿದ್ದವು; ಭಾನುವಾರಗಳೂ ಹಬ್ಬದ ದಿನಗಳೂ ಒಂಟಿತನದಿಂದ ಭಾರವಾಗುತ್ತಿದ್ದವು.

1900ರಲ್ಲಿ ಒಂದು ಸಂಜೆ ಅವರು ಸಹೋದ್ಯೋಗಿ ವಕೀಲರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಊಟವಾದ ಮೇಲೆ ಇಬ್ಬರೂ ಆ ಬಡಾವಣೆಯಲ್ಲಿ ತಿರುಗಾಡಿದರು. ಆತಿಥೇಯರು ದಾರಿಯಲ್ಲಿನ ಅಂಗಡಿಗಳಲ್ಲಿ ನಿಂತು ಒಬ್ಬೊಬ್ಬ ವರ್ತಕನನ್ನೂ ಹೆಸರಿಡಿದು ಮಾತನಾಡಿಸಿ ಹ್ಯಾರಿಸರಿಗೆ ಪರಿಚಯಿಸಿದರು. ದೊಡ್ಡ ನಗರದೊಳಗೂ ವಾಲಿಂಗ್‌ಫರ್ಡ್‌ನಂತಹ ಹಳ್ಳಿಯ ಸಲುಗೆ ಸಾಧ್ಯವೆಂಬುದು ಅವರಿಗೆ ಅಂದು ಹೊಳೆಯಿತು. ಅದು ಕಾರ್ಯರೂಪಕ್ಕೆ ಬರಲು ಇನ್ನೂ ಐದು ವರ್ಷ ಹಿಡಿಯಿತು.

ರೋಟರಿಯ ಸ್ಥಾಪನೆ

1905ರ ಫೆಬ್ರವರಿ 23ರ ಸಂಜೆ ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡದ 711ನೆಯ ಕೋಣೆಯಲ್ಲಿ ಮೊದಲ ಸಭೆ ನಡೆಯಿತು. ಅದು ಗಣಿ ಎಂಜಿನಿಯರ್ ಗಸ್ಟೇವಸ್ ಲೋಯರ್ ಅವರ ಕಚೇರಿ. ಹ್ಯಾರಿಸ್ ಮತ್ತು ಲೋಯರ್ ಅವರೊಡನೆ ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ ಹಾಗೂ ಉಡುಪು ಹೊಲಿಸುವ ವ್ಯಾಪಾರದ ಹೈರಮ್ ಶೋರಿ ಇದ್ದರು. ಸ್ವಲ್ಪ ದಿನಗಳಲ್ಲಿಯೇ ಮುದ್ರಣಕಾರ ಹ್ಯಾರಿ ರಗಲ್ಸ್ ಸೇರಿದರು. ಸಭೆಗಳಲ್ಲಿ ಎಲ್ಲರೂ ಕೂಡಿ ಹಾಡುವ ರೂಢಿಯನ್ನು ಆರಂಭಿಸಿದವರು ಇವರೇ. ಶೀಲೆಯವರು ಕ್ಲಬ್ಬಿನ ಮೊದಲ ಅಧ್ಯಕ್ಷರಾದರು.

ಸಭೆಗಳು ಸದಸ್ಯರ ಕಚೇರಿಗಳಲ್ಲಿ ಸರದಿಯ ಪ್ರಕಾರ ನಡೆಯುತ್ತಿದ್ದುದರಿಂದ, ಸುತ್ತುವುದು ಎಂಬ ಅರ್ಥ ಬರುವಂತೆ ರೋಟರಿ ಎಂಬ ಹೆಸರನ್ನು ಆರಿಸಿಕೊಂಡರು. ಒಂದು ವೃತ್ತಿಯಿಂದ ಒಬ್ಬರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವಿತ್ತು. ಒಂದೇ ಕಸುಬಿನ ಇಬ್ಬರಿದ್ದರೆ ಪೈಪೋಟಿ ಸ್ನೇಹವನ್ನು ಕೆಡಿಸೀತೆಂಬುದು ಇದರ ಹಿಂದಿನ ವಿಚಾರ. ಸದಸ್ಯರು ಒಬ್ಬರನ್ನೊಬ್ಬರು ಬಿರುದುಗಳಿಲ್ಲದೆ ಹೆಸರಿನಿಂದಲೇ ಕರೆಯುತ್ತಿದ್ದರು.

ಲಾಭವೋ ಸೇವೆಯೋ

ಆರಂಭದ ಕ್ಲಬ್ಬಿನ ಆಕರ್ಷಣೆ ಸ್ನೇಹವಷ್ಟೇ ಆಗಿರಲಿಲ್ಲ. ಸದಸ್ಯರು ತಮ್ಮ ವ್ಯಾಪಾರವನ್ನು ಪರಸ್ಪರರಿಗೇ ಕೊಡುತ್ತಿದ್ದರು. ಯಾರು ಯಾರಿಗೆ ಎಷ್ಟು ವ್ಯಾಪಾರ ಒದಗಿಸಿದರೆಂಬ ಲೆಕ್ಕವನ್ನು ಬರೆದಿಡಲು ಒಬ್ಬ ಪದಾಧಿಕಾರಿಯೂ ಇದ್ದರು. 1906ರಲ್ಲಿ ಅಂಗೀಕರಿಸಿದ ನಿಯಮಾವಳಿಯಲ್ಲಿ ಮೊದಲಿದ್ದ ಉದ್ದೇಶಗಳು ಎರಡೇ: ಸದಸ್ಯರ ವ್ಯಾಪಾರಾಭಿವೃದ್ಧಿ ಮತ್ತು ಅವರ ನಡುವಿನ ಸೌಹಾರ್ದ.

ಅದೇ ವರ್ಷ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸದಸ್ಯರಾಗಲು ಆಹ್ವಾನಿಸಿದಾಗ, ತನ್ನವರಿಗಲ್ಲದೆ ಹೊರಗಿನ ಯಾರಿಗೂ ಉಪಯೋಗವಿಲ್ಲದ ಕೂಟವು ಬಹುಕಾಲ ಉಳಿಯಲಾರದೆಂದು ಅವರು ಆಕ್ಷೇಪಿಸಿದರು. ಈ ಮಾತನ್ನು ಹ್ಯಾರಿಸರು ಮನಸ್ಸಿಗೆ ತೆಗೆದುಕೊಂಡರು. ಕಾರ್ಟರ್ ಅವರ ಸೂಚನೆಯಂತೆ, ಷಿಕಾಗೋ ನಗರದ ಹಿತವನ್ನು ಸಾಧಿಸುವುದೆಂಬ ಮೂರನೆಯ ಉದ್ದೇಶವು ನಿಯಮಾವಳಿಗೆ ಸೇರಿತು.

ಕಾಗದದ ಮೇಲಿನ ಉದ್ದೇಶ ಕಾರ್ಯರೂಪಕ್ಕೆ ಬಂದದ್ದು ಹ್ಯಾರಿಸರು 1907ರಲ್ಲಿ ಕ್ಲಬ್ಬಿನ ಅಧ್ಯಕ್ಷರಾದ ಮೇಲೆ. ಅವರು ಆರಿಸಿಕೊಂಡ ಕೆಲಸ ಆಡಂಬರವಿಲ್ಲದ್ದು: ನಗರಸಭಾ ಭವನದ ಸಮೀಪದಲ್ಲಿ ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸುವುದು. ಅದುವರೆಗೆ ಗಂಡಸರು ಮದ್ಯದಂಗಡಿಗಳನ್ನೂ ಹೆಂಗಸರು ದೊಡ್ಡ ಮಳಿಗೆಗಳನ್ನೂ ಅವಲಂಬಿಸಬೇಕಾಗಿತ್ತು. ಗಿರಾಕಿಗಳು ಕೈತಪ್ಪಿಯಾರೆಂದು ಈ ಎರಡೂ ಕಡೆಯವರು ಯೋಜನೆಯನ್ನು ವಿರೋಧಿಸಿದರು. ನಗರದ ಇತರ ಸಂಘಸಂಸ್ಥೆಗಳನ್ನು ಕೂಡಿಸಿಕೊಂಡು ಕ್ಲಬ್ಬು ಪಟ್ಟುಹಿಡಿಯಿತು; ಕೊನೆಗೆ ಶೌಚಾಲಯ ನಿರ್ಮಾಣವಾಯಿತು. ಇದು ರೋಟರಿಯ ಮೊದಲ ಸಾರ್ವಜನಿಕ ಸೇವಾಕಾರ್ಯವೆಂದು ಪರಿಗಣಿತವಾಗಿದೆ.

ಕ್ಲಬ್ಬನ್ನು ಬೇರೆ ಊರುಗಳಿಗೆ ವಿಸ್ತರಿಸುವ ವಿಷಯದಲ್ಲಿ ಭಿನ್ನಾಭಿಪ್ರಾಯ ಇನ್ನಷ್ಟು ಬೆಳೆಯಿತು. ಸೇವೆ, ವಿಸ್ತರಣೆಗಳ ಗೊಡವೆ ಬೇಡ, ಗೆಳೆತನವೂ ವ್ಯಾಪಾರವೂ ಸಾಕು ಎನ್ನುವವರು ಷಿಕಾಗೋ ಕ್ಲಬ್ಬಿನಲ್ಲಿ ಅನೇಕರಿದ್ದರು. ಅವರಲ್ಲಿ ಹ್ಯಾರಿಸರ ಹಳೆಯ ಗೆಳೆಯರೂ ಇದ್ದರು. ಹ್ಯಾರಿಸರು ಕ್ಲಬ್ಬಿನ ಅಧ್ಯಕ್ಷಸ್ಥಾನವನ್ನು ತೊರೆದು, ತಮ್ಮ ಶಕ್ತಿಯನ್ನು ವಿಸ್ತರಣೆಯ ಕಾರ್ಯಕ್ಕೆ ಮೀಸಲಿಟ್ಟರು.

ವಿಸ್ತರಣೆ ಮತ್ತು ವಾರದ ಸಭೆ

ಎರಡನೆಯ ಕ್ಲಬ್ಬು 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿತು. 1909ರಲ್ಲಿ ಅದರ ನೆರೆಯ ಓಕ್ಲೆಂಡ್‌ನಲ್ಲಿ ಆರಂಭವಾದ ಕ್ಲಬ್ಬು ವಾರಕ್ಕೊಮ್ಮೆ ಮಧ್ಯಾಹ್ನದ ಊಟದ ವೇಳೆಗೆ ಸೇರುವ ಪದ್ಧತಿಯನ್ನು ರೂಢಿಗೆ ತಂದಿತು. ಕೆಲಸದ ನಡುವೆ ಬಿಡುವು ಸಿಗುವ ಹೊತ್ತಾದ್ದರಿಂದ ಇತರ ಕ್ಲಬ್ಬುಗಳೂ ಇದನ್ನು ಅನುಸರಿಸಿದವು.

ಮೊದಮೊದಲು ಸದಸ್ಯರೇ ಸರದಿಯಂತೆ ತಮ್ಮ ವೃತ್ತಿಯ ಕುರಿತು ಮಾತನಾಡುತ್ತಿದ್ದರು. ಕಲ್ಲಿದ್ದಲಿನವನು ಕಲ್ಲಿದ್ದಲಿನ ವಿಷಯವನ್ನೂ, ಮುದ್ರಣಕಾರ ಅಚ್ಚಿನ ವಿಷಯವನ್ನೂ ವಿವರಿಸುವುದು. ಉಳಿದವರು ಕೇಳಿ ಪ್ರಶ್ನಿಸುವುದು. ಕಾಲಕ್ರಮದಲ್ಲಿ ಹೊರಗಿನ ವೈದ್ಯರು, ಅಧ್ಯಾಪಕರು, ಅಧಿಕಾರಿಗಳು, ಪ್ರವಾಸಿಗರು ಅತಿಥಿ ಉಪನ್ಯಾಸಕರಾಗಿ ಬರತೊಡಗಿದರು. ಊರಿನ ಕೊರತೆಗಳು ಸದಸ್ಯರ ಕಿವಿಗೆ ಬೀಳುತ್ತಿದ್ದುದು ಇಂತಹ ಉಪನ್ಯಾಸಗಳಿಂದಲೇ. ಕ್ರಿಸ್‌ಮಸ್ ಕಾಲದಲ್ಲಿ ಬಡ ಕುಟುಂಬಗಳಿಗೆ ಆಹಾರ ಒದಗಿಸುವುದು, ಅನಾಥ ಮಕ್ಕಳಿಗೆ ಉಡುಗೊರೆ ಕೊಡುವುದು, ಅಂಗವಿಕಲ ಮಕ್ಕಳ ಚಿಕಿತ್ಸೆಗೆ ನೆರವಾಗುವುದು ಮುಂತಾದ ಕಾರ್ಯಗಳು ಕ್ಲಬ್ಬುಗಳ ವಾರ್ಷಿಕ ಕ್ರಮದಲ್ಲಿ ಸೇರಿದವು.

1910ರ ಆಗಸ್ಟ್ ತಿಂಗಳಲ್ಲಿ ಷಿಕಾಗೋದಲ್ಲಿ ನಡೆದ ಪ್ರಥಮ ಸಮ್ಮೇಳನದಲ್ಲಿ 16 ಕ್ಲಬ್ಬುಗಳು ಕೂಡಿ ರಾಷ್ಟ್ರೀಯ ಒಕ್ಕೂಟವನ್ನು ರಚಿಸಿದವು. ಹ್ಯಾರಿಸರು 1912ರವರೆಗೆ ಅದರ ಅಧ್ಯಕ್ಷರಾಗಿದ್ದರು. ಕಾರ್ಯದರ್ಶಿಯಾದ ಚೆಸ್ಲಿ ಪೆರ್ರಿ 1942ರವರೆಗೆ ಆ ಹೊಣೆಯನ್ನು ಹೊತ್ತರು. 1911ರ ಜನವರಿಯಲ್ಲಿ ಒಕ್ಕೂಟದ ಪತ್ರಿಕೆಯ ಮೊದಲ ಸಂಚಿಕೆಗೆ ಬರೆದ ಲೇಖನದಲ್ಲಿ ಹ್ಯಾರಿಸರು ಸಹಿಷ್ಣುತೆಯೇ ರೋಟರಿಯ ಮುಖ್ಯ ಗುಣವಾಗಬೇಕೆಂದು ಪ್ರತಿಪಾದಿಸಿದರು. ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಲ್ಲಿ ಕ್ಲಬ್ಬುಗಳು ತಲೆಯೆತ್ತಿದ ಮೇಲೆ, 1912ರಲ್ಲಿ ಒಕ್ಕೂಟವು ಅಂತರರಾಷ್ಟ್ರೀಯ ಸ್ವರೂಪ ಪಡೆಯಿತು; 1922ರಲ್ಲಿ ರೋಟರಿ ಇಂಟರ್‌ನ್ಯಾಷನಲ್ ಎಂಬ ಹೆಸರನ್ನು ತಾಳಿತು. ಭಾರತದಲ್ಲಿ ಮೊದಲ ಕ್ಲಬ್ಬು ಕಲ್ಕತ್ತೆಯಲ್ಲಿ ಆರಂಭವಾಯಿತು. ಬೆಂಗಳೂರಿನ ಕ್ಲಬ್ಬು 1934ರಲ್ಲಿ ಸ್ಥಾಪನೆಗೊಂಡಿತು.

ಕೌಟುಂಬಿಕ ಜೀವನ

1910ರಲ್ಲಿ ನಿಸರ್ಗಪ್ರಿಯರ ಕ್ಲಬ್ಬೊಂದರ ಕಾಲ್ನಡಿಗೆ ವಿಹಾರದಲ್ಲಿ ಹ್ಯಾರಿಸರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಜೀನ್ ಥಾಮ್ಸನ್ ಅವರ ಪರಿಚಯವಾಯಿತು. ಕೆಲವೇ ತಿಂಗಳಲ್ಲಿ, ಜುಲೈ 2ರಂದು, ಅವರ ವಿವಾಹವಾಯಿತು. ಷಿಕಾಗೋದ ಹೊರವಲಯದಲ್ಲಿ ದಂಪತಿಗಳು ಕೊಂಡ ಮನೆಗೆ ಜೀನ್ ಅವರ ಎಡಿನ್‌ಬರೋ ಬೀದಿಯ ನೆನಪಿನಲ್ಲಿ ಕಮ್ಲಿ ಬ್ಯಾಂಕ್ ಎಂದು ಹೆಸರಿಟ್ಟರು. ಅವರಿಗೆ ಮಕ್ಕಳಿರಲಿಲ್ಲ. ದೇಶವಿದೇಶಗಳ ರೋಟರಿ ಸದಸ್ಯರಿಗೆ ಆ ಮನೆ ಸದಾ ತೆರೆದಿರುತ್ತಿತ್ತು.

ಉತ್ತರಕಾಲ

ಅಧ್ಯಕ್ಷ ಪದವಿಯಿಂದ ನಿವೃತ್ತರಾದ ಮೇಲೆ ಹ್ಯಾರಿಸರನ್ನು ಗೌರವಾಧ್ಯಕ್ಷರೆಂದು ಪರಿಗಣಿಸಲಾಯಿತು. ಅನಾರೋಗ್ಯದಿಂದಾಗಿ ಹಲವು ವರ್ಷ ಅವರು ಹಿನ್ನೆಲೆಯಲ್ಲಿಯೇ ಉಳಿದು ವಕೀಲಿ ವೃತ್ತಿಯನ್ನು ಮುಂದುವರಿಸಿದರು. ಒಹಾಯೋ ರಾಜ್ಯದ ಎಡ್ಗರ್ ಅಲೆನ್ ಅವರು ಅಂಗವಿಕಲ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆಯ ಕಾರ್ಯದಲ್ಲಿಯೂ ಭಾಗಿಯಾದರು. 1930ರ ದಶಕದಲ್ಲಿ ಯೂರೋಪ್, ದಕ್ಷಿಣ ಆಫ್ರಿಕಾ, ಪೂರ್ವ ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಸಂಚರಿಸಿ, ಹೋದೆಡೆಯಲ್ಲೆಲ್ಲ ಸ್ನೇಹದ ಕುರುಹಾಗಿ ಸಸಿಗಳನ್ನು ನೆಟ್ಟರು.

ಆದರೆ ಕಾಲ ಸ್ನೇಹಕ್ಕೆ ಅನುಕೂಲವಾಗಿರಲಿಲ್ಲ. ನಾಜಿ ಆಡಳಿತದ ಒತ್ತಡದಿಂದ 1937ರಲ್ಲಿ ಜರ್ಮನಿಯ ಕ್ಲಬ್ಬುಗಳು ವಿಸರ್ಜನೆಗೊಂಡವು. 1940ರಲ್ಲಿ ಜಪಾನಿನ ಕ್ಲಬ್ಬುಗಳೂ ರೋಟರಿಯಿಂದ ಹೊರಬಂದವು. ತಾವು ಕಂಡುಬಂದ ದೇಶಗಳು ಪರಸ್ಪರ ಯುದ್ಧದಲ್ಲಿ ತೊಡಗಿದ್ದನ್ನು ಹ್ಯಾರಿಸರು ತಮ್ಮ ಇಳಿವಯಸ್ಸಿನಲ್ಲಿ ನೋಡಬೇಕಾಯಿತು. ಯುದ್ಧಾನಂತರ ಎರಡೂ ದೇಶಗಳಲ್ಲಿ ಕ್ಲಬ್ಬುಗಳು ಮತ್ತೆ ಆರಂಭವಾದವು.

ಟೀಕೆಗಳು

ಅಮೆರಿಕದ ಕಾದಂಬರಿಕಾರ ಸಿಂಕ್ಲೇರ್ ಲೂಯಿಸ್ ಮೊದಲಾದವರು ಇಂತಹ ಕ್ಲಬ್ಬುಗಳ ಊಟ, ಭಾಷಣ, ಆತ್ಮತೃಪ್ತಿಗಳನ್ನು ವಿಡಂಬಿಸಿದರು. ವೃತ್ತಿಪರರಿಗೂ ವ್ಯಾಪಾರಸ್ಥರಿಗೂ ಸೀಮಿತವಾದ ಸದಸ್ಯತ್ವದಿಂದ ದುಡಿಯುವ ವರ್ಗವು ಹೊರಗುಳಿಯಿತು. ಹ್ಯಾರಿಸರ ಜೀವಿತಕಾಲದಲ್ಲಿ ಮಹಿಳೆಯರಿಗೆ ಸದಸ್ಯತ್ವವಿರಲಿಲ್ಲ. 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ನಂತರ, 1989ರಲ್ಲಿ ಆ ನಿರ್ಬಂಧವನ್ನು ನಿಯಮಾವಳಿಯಿಂದ ತೆಗೆಯಲಾಯಿತು. ಸಹಿಷ್ಣುತೆಯನ್ನು ಬೋಧಿಸಿದ ಸಂಸ್ಥೆಯು ತನ್ನ ಬಾಗಿಲನ್ನು ಪೂರ್ಣವಾಗಿ ತೆರೆಯಲು ಎಂಟು ದಶಕಗಳಿಗೂ ಮಿಕ್ಕಿ ಕಾಲ ಬೇಕಾಯಿತು.

ನಿಧನ

1947ರ ಜನವರಿ 27ರಂದು ಹ್ಯಾರಿಸರು ಷಿಕಾಗೋದಲ್ಲಿ ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು. ಮೌಂಟ್ ಹೋಪ್ ಸ್ಮಶಾನದಲ್ಲಿ, ಮೊದಲ ಸಭೆಯ ಸಂಗಾತಿ ಸಿಲ್ವೆಸ್ಟರ್ ಶೀಲೆಯವರ ಸಮಾಧಿಯ ಬಳಿಯಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು. ಜೀನ್ ಅವರು ಮುಂದೆ ಎಡಿನ್‌ಬರೋಗೆ ಮರಳಿ, 1963ರಲ್ಲಿ ಅಲ್ಲಿಯೇ ತೀರಿಕೊಂಡರು.

ತಮ್ಮ ಅಂತ್ಯಕ್ರಿಯೆಗೆ ಹೂವುಗಳನ್ನು ತರುವ ಬದಲು ಆ ಹಣವನ್ನು ರೋಟರಿ ಪ್ರತಿಷ್ಠಾನಕ್ಕೆ ನೀಡಬೇಕೆಂಬುದು ಹ್ಯಾರಿಸರ ಇಚ್ಛೆಯಾಗಿತ್ತು. 1917ರಲ್ಲಿ ಆರ್ಚ್ ಕ್ಲಂಫ್ ಅವರ ಸಲಹೆಯಿಂದ ಮೊಳೆತ ಈ ನಿಧಿಗೆ ಮೊದಲು ಬಂದ ಕಾಣಿಕೆ ಕೇವಲ 26 ಡಾಲರ್ 50 ಸೆಂಟ್. ಮೂರು ದಶಕ ಕುಂಟುತ್ತ ಸಾಗಿದ ಆ ನಿಧಿಗೆ ಹ್ಯಾರಿಸರು ತೀರಿಕೊಂಡ 18 ತಿಂಗಳಲ್ಲಿ 13 ಲಕ್ಷ ಡಾಲರುಗಳಿಗೂ ಹೆಚ್ಚು ಹಣ ಹರಿದುಬಂದಿತು. ಅದೇ ವರ್ಷ 18 ವಿದ್ಯಾರ್ಥಿಗಳಿಗೆ ವಿದೇಶಗಳಲ್ಲಿ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ನೀಡುವ ಕಾರ್ಯಕ್ರಮ ಆರಂಭವಾಯಿತು.

ಕೃತಿಗಳು ಮತ್ತು ಸ್ಮರಣೆ

ದಿ ಫೌಂಡರ್ ಆಫ್ ರೋಟರಿ (1928) ಮತ್ತು ದಿಸ್ ರೋಟೇರಿಯನ್ ಏಜ್ (1935) ಹ್ಯಾರಿಸರ ಪ್ರಮುಖ ಕೃತಿಗಳು. ಆತ್ಮಕಥೆ ಮೈ ರೋಡ್ ಟು ರೋಟರಿ ಅವರ ಮರಣಾನಂತರ, 1948ರಲ್ಲಿ ಪ್ರಕಟವಾಯಿತು. ಅದರ ಬಹುಭಾಗ ವಾಲಿಂಗ್‌ಫರ್ಡ್‌ನ ಬಾಲ್ಯಕ್ಕೆ ಮೀಸಲಾಗಿದೆ.

ಪ್ರತಿಷ್ಠಾನಕ್ಕೆ ನಿಗದಿತ ಮೊತ್ತದ ದೇಣಿಗೆ ನೀಡುವವರಿಗೆ ಪಾಲ್ ಹ್ಯಾರಿಸ್ ಫೆಲೋ ಎಂಬ ಮನ್ನಣೆಯನ್ನು ನೀಡುವ ಪದ್ಧತಿ 1957ರಿಂದ ಜಾರಿಯಲ್ಲಿದೆ. 1985ರಲ್ಲಿ ಪೋಲಿಯೋ ನಿರ್ಮೂಲನೆಯ ವಿಶ್ವವ್ಯಾಪಿ ಕಾರ್ಯವನ್ನು ರೋಟರಿ ಕೈಗೆತ್ತಿಕೊಂಡಾಗ ಅದಕ್ಕೆ ಹಣ ಒದಗಿಸಿದ್ದು ಇದೇ ಪ್ರತಿಷ್ಠಾನ. ಸರ್ಕಾರಗಳು ಹಾಗೂ ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲಾದವುಗಳ ಜೊತೆಗೂಡಿ ನಡೆದ ಈ ಕಾರ್ಯದ ಫಲವಾಗಿ, 2014ರ ಮಾರ್ಚ್ 27ರಂದು ಭಾರತವನ್ನು ಒಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಲಸಿಕಾ ಕೇಂದ್ರಗಳಲ್ಲಿ ಮಕ್ಕಳಿಗೆ ಹನಿ ಹಾಕಿಸಲು ನೆರವಾದ ಸ್ವಯಂಸೇವಕರಲ್ಲಿ ಕರ್ನಾಟಕದ ರೋಟರಿ ಕ್ಲಬ್ಬುಗಳ ಸದಸ್ಯರೂ ಇದ್ದರು.