ಮೈಲಾರ ಮಹದೇವಪ್ಪ: ಕದ ತೆರೆದ ಮನೆಗಳ ಋಣ

ಏಪ್ರಿಲ್ 1 ಬಂತೆಂದರೆ ಹಾವೇರಿ ಸೀಮೆಯ ಜನರಿಗೆ ಹೊಸರಿತ್ತಿಯ ನೆನಪಾಗುತ್ತದೆ. 1943ರ ಆ ದಿನ ಪೊಲೀಸರ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹದೇವಪ್ಪನವರಿಗೆ ಆಗಿನ್ನೂ 31 ವರ್ಷ. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು. ಈ ಬಲಿದಾನದ ಕಥೆಯನ್ನು ನಾಡು ಬಲ್ಲದು. ಆದರೆ ಮನೆಮಾರು ತೊರೆದು ತಿಂಗಳುಗಟ್ಟಲೆ ಅಲೆದ ಈ ವೀರನಿಗೆ ರಾತ್ರಿ ಕದ ತೆರೆದವರು, ರೊಟ್ಟಿಯ ಬುತ್ತಿ ಕಟ್ಟಿಕೊಟ್ಟವರು ಯಾರು? ಮಹದೇವಪ್ಪನವರ ಬದುಕನ್ನು ಈ ದೃಷ್ಟಿಯಿಂದ ನೋಡಿದರೆ ಅದು ಒಬ್ಬ ಅತಿಥಿಯ ಕಥೆಯೂ ಹೌದು, ಅಸಂಖ್ಯ ಆತಿಥೇಯರ ಕಥೆಯೂ ಹೌದು.

ಮೋಟೆಬೆನ್ನೂರಿನ ಹುಡುಗ

ಮಹದೇವಪ್ಪನವರು ಜನಿಸಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಮೈಲಾರ ಎಂಬುದು ಮನೆತನದ ಹೆಸರು. ಈಗಿನ ಹಾವೇರಿ ಜಿಲ್ಲೆ ರೂಪುಗೊಂಡಿದ್ದು 1997ರಲ್ಲಿ. ಅಂದಿನ ದಿನಗಳಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ರಾಣೆಬೆನ್ನೂರನ್ನು ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಹರಿಹರ. ಅಲ್ಲಿಂದ ಮೈಸೂರು ಸಂಸ್ಥಾನ.

ಮೆಣಸಿನಕಾಯಿ ಮತ್ತು ಹತ್ತಿಯ ವಹಿವಾಟಿನ ಈ ನಾಡಿನಲ್ಲಿ ಅತಿಥಿ ಸತ್ಕಾರಕ್ಕೆ ತನ್ನದೇ ಆದ ಪದ್ಧತಿಯಿದೆ. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಆ ಬಳಿಕ ಕುಡಿಯಲು ನೀರಿನೊಂದಿಗೆ ಒಂದು ಚೂರು ಬೆಲ್ಲ. ಊರು ಯಾವುದು, ಬಂದ ಕಾರ್ಯವೇನು ಎಂಬ ವಿಚಾರಣೆಯೆಲ್ಲ ಆಮೇಲಿನದು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇಷ್ಟಿದ್ದರೆ ಊಟ ಸಿದ್ಧ. ಬಡವರ ಮನೆಯಲ್ಲಿಯೂ ಇಷ್ಟಕ್ಕೆ ಕೊರತೆಯಾಗದಂತೆ ಗೃಹಿಣಿಯರು ನೋಡಿಕೊಳ್ಳುತ್ತಿದ್ದರು. ಮಹದೇವಪ್ಪನವರು ಬೆಳೆದದ್ದು ಇಂಥ ವಾತಾವರಣದಲ್ಲಿ. ಹದಿಹರೆಯದಲ್ಲಿಯೇ ಖಾದಿಯ ಸೆಳೆತಕ್ಕೆ ಒಳಗಾದ ಅವರು ಊರು ಬಿಟ್ಟು ದೂರದ ಗುಜರಾತಿನ ಸಬರಮತಿ ಆಶ್ರಮವನ್ನು ಸೇರಿದರು.

ದಂಡಿಯ ದಾರಿಯಲ್ಲಿ

1930ರ ಮಾರ್ಚ್ 12ರಂದು ಗಾಂಧೀಜಿಯವರು 78 ಮಂದಿ ಆಯ್ದ ಸಂಗಡಿಗರೊಂದಿಗೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ, ಆ ತಂಡದಲ್ಲಿದ್ದ ಏಕೈಕ ಕನ್ನಡಿಗ 18 ವರ್ಷದ ಮಹದೇವಪ್ಪ. ಯಾತ್ರಿಕರ ಪಟ್ಟಿಯಲ್ಲಿ ಅವರ ಹೆಸರು ತಂದೆಯ ಹೆಸರಿನೊಡನೆ ಮಹಾದೇವ ಮಾರ್ತಾಂಡ ಎಂದಿದೆ. 24 ದಿನಗಳಲ್ಲಿ ಸುಮಾರು 385 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕಿತ್ತು. ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಪ್ರತಿಯೊಬ್ಬ ಯಾತ್ರಿಕನಿಗೂ ಕಡ್ಡಾಯವಾಗಿತ್ತು.

ಈ ಯಾತ್ರೆ ಆತಿಥ್ಯದ ಪಾಠಶಾಲೆಯೂ ಆಗಿತ್ತು. ದಾರಿಯ ಹಳ್ಳಿಗಳು ಹೇಗೆ ಸ್ವಾಗತಿಸಬೇಕೆಂಬುದನ್ನು ಗಾಂಧೀಜಿ ಮೊದಲೇ ತಿಳಿಸಿದ್ದರು. ಅತ್ಯಂತ ಸರಳವಾದ ಊಟ, ಮಲಗಲು ಸ್ವಚ್ಛವಾದ ಜಾಗ, ಇಷ್ಟೇ ಸಾಕು. ಸಿಹಿತಿನಿಸು ಬೇಡ, ಚಹಾ ಬೇಡ, ಎಲೆ ಅಡಿಕೆಯೂ ಬೇಡ. ಹಾಸಿಗೆಯನ್ನು ಯಾತ್ರಿಕರೇ ತರುತ್ತಾರೆ. ಅದರ ಬದಲು ಊರಿನ ಜನಸಂಖ್ಯೆ, ಅಸ್ಪೃಶ್ಯರೆನಿಸಿಕೊಂಡವರ ಸಂಖ್ಯೆ, ಚರಕಗಳ ಲೆಕ್ಕ, ಹಸುಗಳ ಲೆಕ್ಕ ಸಿದ್ಧವಾಗಿರಲಿ ಎಂಬುದು ಅವರ ಅಪೇಕ್ಷೆ.

ಆದರೂ ಜನರ ಪ್ರೀತಿ ಕಟ್ಟಳೆಯನ್ನು ಮೀರಿತು. ಸೂರತ್ತಿನಿಂದ ವಾಹನದಲ್ಲಿ ಹಾಲು ತರಿಸಲಾಯಿತು. ರಾತ್ರಿಯ ನಡಿಗೆಗೆ ಬೆಳಕು ಬೇಕೆಂದು ಕೂಲಿಯವನ ತಲೆಯ ಮೇಲೆ ದೊಡ್ಡ ದೀಪ ಹೊರಿಸಲಾಯಿತು. ಇದನ್ನು ಕಂಡು ನೊಂದ ಗಾಂಧೀಜಿ ಮಾರ್ಚ್ 29ರಂದು ಭಟಗಾಮದಲ್ಲಿ ತಮ್ಮನ್ನೂ ತಮ್ಮ ಸಂಗಡಿಗರನ್ನೂ ಸಾರ್ವಜನಿಕವಾಗಿ ಖಂಡಿಸಿಕೊಂಡರು. ಉಣಿಸುವವನ ಮೇಲೆ ಹೊರೆಯಾಗುವ ಅತಿಥಿ ಸೇವಕನಾಗಲಾರ ಎಂಬುದು ಆ ಮಾತಿನ ತಿರುಳು. ದಂಡಿಯಲ್ಲಿ ಗಾಂಧೀಜಿ ತಂಗಿದ್ದು ಬೋಹ್ರಾ ಮುಸ್ಲಿಂ ಸಮುದಾಯದವರ ಸೈಫಿ ವಿಲ್ಲಾ ಎಂಬ ಮನೆಯಲ್ಲಿ. ಸರ್ಕಾರ ಮುನಿದರೆ ಆಗಬಹುದಾದ ಹಾನಿಯನ್ನು ಬಲ್ಲವರೇ ಅಲ್ಲಿ ಬಾಗಿಲು ತೆರೆದಿದ್ದರು. ಹದಿನೆಂಟರ ಹರೆಯದ ಕನ್ನಡಿಗ ಇದೆಲ್ಲಕ್ಕೂ ಸಾಕ್ಷಿಯಾಗಿದ್ದರು.

ಅತಿಥಿಯು ಆತಿಥೇಯನಾದದ್ದು

ಸೆರೆವಾಸ ಮುಗಿಸಿ ತವರಿಗೆ ಮರಳಿದ ಮಹದೇವಪ್ಪನವರು ಸುಮ್ಮನೆ ಕೂರಲಿಲ್ಲ. ಪತ್ನಿ ಸಿದ್ದಮ್ಮನವರೂ ಸಬರಮತಿಯಲ್ಲಿ ಆಶ್ರಮವಾಸ ಮಾಡಿ, ಸತ್ಯಾಗ್ರಹದಲ್ಲಿ ಸೆರೆವಾಸವನ್ನೂ ಅನುಭವಿಸಿದವರು. ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಮಹದೇವಪ್ಪನವರು ಗ್ರಾಮ ಸೇವಾಶ್ರಮವನ್ನು ಕಟ್ಟಿದರು. ನೂಲುವುದು, ನೇಯುವುದು, ಊರಿನ ನೈರ್ಮಲ್ಯ, ಅಕ್ಷರಾಭ್ಯಾಸ, ಹರಿಜನ ಸೇವೆ ಅಲ್ಲಿಯ ನಿತ್ಯದ ಕಾರ್ಯಗಳಾದವು. ಗುಜರಾತಿನ ಹಳ್ಳಿಗಳಲ್ಲಿ ಅತಿಥಿಯಾಗಿ ಉಂಡವರು ಇಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಸ್ಥಾನದಲ್ಲಿ ನಿಂತರು. ಜಾತಿ ಕೇಳಿ ಅಂಗಳದಲ್ಲಿ ಕೂರಿಸುವ ರೂಢಿ ಬಲವಾಗಿದ್ದ ಕಾಲದಲ್ಲಿ, ಯಾರು ಒಳಗೆ ಬರಬಹುದು, ಯಾರೊಡನೆ ಕುಳಿತು ಉಣ್ಣಬಹುದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಆಶ್ರಮದ ಹರಿಜನ ಸೇವೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಮುಂದೆ ಭೂಗತರಾದಾಗ ಹಳ್ಳಿಗಳು ಅವರನ್ನು ತಮ್ಮವರೆಂದು ಕಂಡದ್ದಕ್ಕೆ ಈ ವರ್ಷಗಳ ಸೇವೆಯೇ ಬುನಾದಿ.

ಕತ್ತಲೆಯ ಆತಿಥ್ಯ

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಚಲೇಜಾವ್ ನಿರ್ಣಯ ಅಂಗೀಕಾರವಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲ ಬಂಧಿತರಾದರು. ಮಹದೇವಪ್ಪನವರು ತಮ್ಮ ತಂಡದೊಡನೆ ಭೂಗತರಾದರು. ಚಾವಡಿಯ ದಫ್ತರು, ಕಂದಾಯದ ಹಣ, ಟಪಾಲು, ರೈಲ್ವೆ, ಹೀಗೆ ಆಡಳಿತದ ನರನಾಡಿಗಳೇ ಅವರ ಗುರಿ. ಆಸ್ತಿಗೆ ಹಾನಿಯಾದರೂ ಜೀವಕ್ಕೆ ಹಾನಿಯಾಗಬಾರದೆಂಬುದು ಅವರು ಹಾಕಿಕೊಂಡ ಕಟ್ಟುಪಾಡು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲುದಾರಿಯ ಮೇಲಿನ ಊರುಗಳು. ಹಳಿಯ ಗುಂಟ ಪೊಲೀಸರು ಬೇಗ ಬಂದಿಳಿಯಬಹುದಿತ್ತು. ಹೀಗಾಗಿ ಬಂಡಿದಾರಿಯ ಒಳಹಳ್ಳಿಗಳೇ ಭೂಗತರಿಗೆ ಆಸರೆ. ಅಲ್ಲಿ ಉಣಿಸುವುದೆಂದರೆ ಬರಿಯ ಸೌಜನ್ಯವಾಗಿರಲಿಲ್ಲ. ತಲೆಮರೆಸಿಕೊಂಡ ಅಪರಾಧಿಗೆ ಆಶ್ರಯ ಕೊಡುವುದು ಆಗಿನ ಭಾರತೀಯ ದಂಡ ಸಂಹಿತೆಯ 212ನೇ ಕಲಮಿನಂತೆ ಅಪರಾಧವಾಗಿತ್ತು. ಆಶ್ರಯ ಪಡೆದವನ ಅಪರಾಧ ಮರಣದಂಡನೆಗೆ ಅರ್ಹವಾಗಿದ್ದರೆ ಆಶ್ರಯ ಕೊಟ್ಟವನಿಗೆ 5 ವರ್ಷಗಳವರೆಗೆ ಸೆರೆವಾಸವಿತ್ತು. ಇದಲ್ಲದೆ ಚಳವಳಿ ನಡೆದ ಊರುಗಳ ಮೇಲೆ ಸಾಮೂಹಿಕ ದಂಡ ಹೇರುವ ಪದ್ಧತಿಯನ್ನೂ ಸರ್ಕಾರ ದೇಶದಾದ್ಯಂತ ಜಾರಿಗೆ ತಂದಿತ್ತು. ಒಂದು ಮನೆ ಮಾಡಿದ ಸತ್ಕಾರಕ್ಕೆ ಇಡೀ ಊರು ಬೆಲೆ ತೆರಬೇಕಾಗಬಹುದಿತ್ತು.

ಕಾಲವೂ ಕಠಿಣವಾಗಿತ್ತು. ಮಹಾಯುದ್ಧದ ದಿನಗಳು, ಧಾನ್ಯದ ಬೆಲೆ ಏರಿತ್ತು. ನೆರೆಯ ವಿಜಾಪುರ ಜಿಲ್ಲೆಯನ್ನು 1942-43ರ ಬರ ಹಿಂಡಿತ್ತು. ಅಂಥ ಹೊತ್ತಿನಲ್ಲಿ ತಂಡಕ್ಕೆ ತಂಡವೇ ಸರಿರಾತ್ರಿ ಬಂದರೆ ಒಲೆ ಹಚ್ಚುವುದು ಸುಲಭವಲ್ಲ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೂ ಕೇಳುತ್ತದೆ. ಹೊಗೆಯೂ ಗುಟ್ಟು ಬಿಡುತ್ತದೆ. ಒಂದು ಮಾತು ಹೊರಬಿದ್ದರೆ ಮನೆಯ ಗಂಡಸರು ಲಾಕಪ್ಪು ಸೇರಬೇಕು. ಇದನ್ನೆಲ್ಲ ತಿಳಿದೂ ಅನ್ನ ನೀಡಿದ ಮನೆಗಳಿದ್ದುದರಿಂದಲೇ ಎಂಟು ತಿಂಗಳ ಕಾಲ ಆ ಹೋರಾಟ ಉಸಿರಾಡಿತು. ಹಗಲಿನಲ್ಲಿ ಹಾರ ಹಾಕಿ ಸ್ವಾಗತಿಸುವವರು ಬಹಳ, ರಾತ್ರಿಯಲ್ಲಿ ಕದ ತೆರೆಯುವವರು ವಿರಳ.

ಹೊಸರಿತ್ತಿ

ವರದಾ ನದಿಯ ಸೀಮೆಯ ಹೊಸರಿತ್ತಿಯಲ್ಲಿ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಸ್ಥಾನದಲ್ಲಿಟ್ಟು ಪೊಲೀಸ್ ಕಾವಲು ಹಾಕಲಾಗಿತ್ತು. 1943ರ ಏಪ್ರಿಲ್ 1ರಂದು ಮಹದೇವಪ್ಪನವರ ತಂಡ ಅದರ ಮೇಲೆ ಎರಗಿತು. ಗುಂಡು ಹಾರಿದವು. ಮೂವರು ಮಡಿದರು. ಕೊರಡೂರಿನ ಆಶ್ರಮ ತನ್ನ ಚೇತನವನ್ನು ಕಳೆದುಕೊಂಡಿತು, ಸಿದ್ದಮ್ಮನವರು ಪತಿಯನ್ನು ಕಳೆದುಕೊಂಡರು. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

ಇಂದು ಹಾವೇರಿಯ ರೈಲು ನಿಲ್ದಾಣ ಮಹದೇವಪ್ಪ ಮೈಲಾರ ಅವರ ಹೆಸರನ್ನು ಹೊತ್ತಿದೆ. ಯಾವ ರೈಲ್ವೆ ಆಳರಸರ ತೋಳೆಂದು ಅವರ ತಂಡದ ಗುರಿಯಾಗಿತ್ತೋ ಅದೇ ದಾರಿಯಲ್ಲಿ ಬರುವ ಪ್ರಯಾಣಿಕರನ್ನು ಈಗ ಅವರ ಹೆಸರೇ ಸ್ವಾಗತಿಸುತ್ತದೆ. ನಗರದಲ್ಲಿ ವೀರಸೌಧವೂ ಅವರ ಸ್ಮಾರಕವಾಗಿ ನಿಂತಿದೆ.

ಆದರೆ ಅವರನ್ನು ಉಣಿಸಿದವರಿಗೆ ಸ್ಮಾರಕವಿಲ್ಲ. ಹೆಸರನ್ನು ಬಚ್ಚಿಡುವುದೇ ಅಂದಿನ ಅತಿಥಿಧರ್ಮವಾಗಿತ್ತು. ಉಂಡವರು ಬಾಯಿ ಬಿಡಲಿಲ್ಲ, ಉಣಿಸಿದವರು ಹೇಳಿಕೊಳ್ಳಲಿಲ್ಲ. ಸೆರೆಮನೆಯ ದಾಖಲೆಯಲ್ಲಿ ಗಂಡಸರ ಹೆಸರು ಸಿಗುತ್ತದೆ. ಒಲೆಯ ಮುಂದೆ ಕುಳಿತ ತಾಯಂದಿರ ಹೆಸರು ಸಿಗುವುದು ಅವರ ಮನೆಯವರ ನೆನಪಿನಲ್ಲಿ ಮಾತ್ರ. ಆ ರಾತ್ರಿಗಳನ್ನು ಬಾಲ್ಯದಲ್ಲಿ ಕಂಡವರಿಗೆ ಈಗ ತೊಂಬತ್ತರ ಆಸುಪಾಸು. ಮೋಟೆಬೆನ್ನೂರು, ಕೊರಡೂರು, ಹೊಸರಿತ್ತಿಯ ಸುತ್ತಲಿನ ಹಳ್ಳಿಗಳ ಶಾಲೆ ಕಾಲೇಜುಗಳು ಮನೆಮನೆಗೆ ಹೋಗಿ ಈ ಹಿರಿಯರ ಮಾತನ್ನು ಬರೆದಿಟ್ಟುಕೊಂಡರೆ ಹುತಾತ್ಮರಿಗೆ ಸಲ್ಲುವ ಗೌರವ ಪೂರ್ಣವಾದೀತು. ತಡಮಾಡಿದರೆ ಉಳಿಯುವುದು ಅರ್ಧ ಇತಿಹಾಸ ಮಾತ್ರ.